ಲಿವರ್ ಕಾಯಿಲೆ ಮುಂದುವರಿದಾಗ: ಮನೆಯವರು ಗಮನಿಸಬೇಕಾದ ಲಕ್ಷಣಗಳು



ಲಿವರ್ ಕಾಯಿಲೆಯ ರೋಗಿಯ ಮಂಚದ ಪಕ್ಕ ಕುಳಿತು ನೀವು ಇದನ್ನು ಓದುತ್ತಿದ್ದರೆ, ಈ ಲೇಖನ ರೋಗಿಗಿಂತ ಮೊದಲು ನಿಮಗಾಗಿ. ಇದಕ್ಕೆ ಕಾರಣವಿದೆ. ಕಾಲು ಮುರಿದವರು, ಎದೆನೋವು ಬಂದವರು ತಮಗೇನಾಗುತ್ತಿದೆ ಎಂದು ತಾವೇ ಹೇಳಬಲ್ಲರು. ಲಿವರ್ ತೀರಾ ಹದಗೆಟ್ಟವರಲ್ಲಿ ಹಾಗಲ್ಲ, ಅವರ ಬುದ್ಧಿಯೇ ಮಂಕಾಗತೊಡಗುತ್ತದೆ. ಆಗ ಕೇಳಿದರೆ "ನನಗೇನಾಗೇತಿ, ಆರಾಮ ಅದೀನಿ" ಎಂದೇ ಹೇಳುತ್ತಾರೆ. ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ನೋಡುತ್ತಾರೆ. ದಾದಿಯರಾದ ನಾವು ಪಾಳಿಯ ಪ್ರಕಾರ ನೋಡುತ್ತೇವೆ. ರಾತ್ರಿಯೆಲ್ಲಾ ಪಕ್ಕದಲ್ಲಿರುವವರು, ಬಿಡುಗಡೆಯಾಗಿ ಊರಿಗೆ ಹೋದ ಮೇಲೂ ಜೊತೆಗಿರುವವರು ನೀವು. ಆದ್ದರಿಂದ ಯಾವ ಲಕ್ಷಣಕ್ಕೆ ಏನು ಅರ್ಥ, ಯಾವುದಕ್ಕೆ ನಾಳೆಯವರೆಗೆ ಕಾಯಬಹುದು, ಯಾವುದಕ್ಕೆ ಒಂದು ಗಂಟೆಯೂ ಕಾಯಬಾರದು ಎಂಬುದು ನಿಮಗೆ ತಿಳಿದಿರಬೇಕು.

ಲಿವರ್ ಮಾಡುವ ಕೆಲಸ

ಯಕೃತ್ತು ಅಥವಾ ಲಿವರ್ ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಕೆಳಗೆ ಇರುತ್ತದೆ. ದೊಡ್ಡವರಲ್ಲಿ ಇದರ ತೂಕ ಸುಮಾರು ಒಂದೂವರೆ ಕಿಲೋ. ನಾವು ತಿಂದದ್ದು ಕರುಳಿನಲ್ಲಿ ಜೀರ್ಣವಾಗಿ ರಕ್ತಕ್ಕೆ ಸೇರಿದ ಮೇಲೆ ಆ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಒಂದು ದೊಡ್ಡ ರಕ್ತನಾಳದ ಮೂಲಕ ಮೊದಲು ಲಿವರಿಗೆ ಬರುತ್ತದೆ. ಲಿವರ್ ಅದರಲ್ಲಿರುವ ವಿಷವನ್ನು ತೆಗೆಯುತ್ತದೆ, ಸಕ್ಕರೆಯನ್ನು ಕೂಡಿಡುತ್ತದೆ, ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನೂ ಆಲ್ಬುಮಿನ್ ಎಂಬ ಪ್ರೋಟೀನನ್ನೂ ತಯಾರಿಸುತ್ತದೆ, ಪಿತ್ತರಸವನ್ನು ಕರುಳಿಗೆ ಬಿಡುತ್ತದೆ.

ವರ್ಷಗಟ್ಟಲೆ ಪೆಟ್ಟು ತಿಂದ ಲಿವರಿನ ಮೃದು ಭಾಗ ಸತ್ತು, ಅಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆಯುತ್ತದೆ. ಲಿವರ್ ಗಂಟುಗಂಟಾಗುತ್ತದೆ. ಇದಕ್ಕೆ ಸಿರೋಸಿಸ್ ಎಂದು ಹೆಸರು. ಕಾಲುವೆಯಲ್ಲಿ ಹೂಳು ತುಂಬಿದರೆ ಏನಾಗುತ್ತದೆಂದು ರೈತರಿಗೆ ಹೇಳಬೇಕಾಗಿಲ್ಲ. ಮುಂದೆ ಹರಿಯಲಾಗದ ನೀರು ಹಿಂದಕ್ಕೆ ಒತ್ತಿ, ಒಡ್ಡು ಸಡಿಲವಿದ್ದ ಕಡೆ ಒಡೆದು ನುಗ್ಗುತ್ತದೆ. ಗಟ್ಟಿಯಾದ ಲಿವರಿನೊಳಗೆ ಹೋಗಲಾಗದ ರಕ್ತವೂ ಹೀಗೆಯೇ ಹಿಂದಕ್ಕೆ ಒತ್ತುತ್ತದೆ. ಮುಂದೆ ಹೇಳುವ ಲಕ್ಷಣಗಳಲ್ಲಿ ಕೆಲವು ಈ ಒತ್ತಡದಿಂದ ಬರುವಂಥವು, ಕೆಲವು ಲಿವರ್ ತನ್ನ ಕೆಲಸ ಮಾಡದೆ ಬಿಟ್ಟದ್ದರಿಂದ ಬರುವಂಥವು.

"ನಮ್ಮವರು ಕುಡಿಯೋದೇ ಇಲ್ಲರೀ"

ಹೀಗೆ ಹೇಳುವ ಬಂಧುಗಳು ಅನೇಕರು. ಲಿವರ್ ಕಾಯಿಲೆ ಎಂದೊಡನೆ ಎದುರಿನವರು ಕುಡುಕರೆಂದು ತೀರ್ಮಾನಿಸಿಬಿಡುವುದು ನಮ್ಮ ಜನರಲ್ಲಿ ರೂಢಿಯಾಗಿದೆ. ಇದು ತಪ್ಪು. ಮದ್ಯ ಒಂದು ದೊಡ್ಡ ಕಾರಣ, ನಿಜ. ಆದರೆ ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ ಎಂಬ ವೈರಸ್‌ಗಳು ಒಳಗಿಂದೊಳಗೆ ಹತ್ತಿಪ್ಪತ್ತು ವರ್ಷ ಕೆಲಸ ಮಾಡಿ ಸಿರೋಸಿಸ್ ತರಬಲ್ಲವು. ಸಕ್ಕರೆ ಕಾಯಿಲೆ ಮತ್ತು ಬೊಜ್ಜು ಇರುವವರಲ್ಲಿ ಲಿವರಿನಲ್ಲಿ ಕೊಬ್ಬು ಕೂಡಿ, ಒಂದು ಹನಿ ಮದ್ಯ ಮುಟ್ಟದವರಿಗೂ ಇದೇ ಗತಿಯಾಗಬಹುದು. ಇಂಥ ತಾಯಂದಿರನ್ನು ಅನುಮಾನದಿಂದ ನೋಡಬೇಡಿ. ಕುಡಿದೇ ಕಾಯಿಲೆ ತಂದುಕೊಂಡವರನ್ನೂ ಮಂಚದ ಪಕ್ಕ ನಿಂತು ಬೈಯುವುದರಿಂದ ಪ್ರಯೋಜನವಿಲ್ಲ.

ಕುಡಿಯುವವರ ವಿಷಯದಲ್ಲಿ ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. ಅದಾದ ಮೇಲೆ "ನಾನು ಸಾರಾಯಿ ಬಿಟ್ಟೀನಿ, ಈಗ ಬರೀ ಬಿಯರ್" ಎನ್ನುವವರನ್ನು ನೋಡುತ್ತೇವೆ. ಲಿವರಿಗೆ ಬಾಟಲಿಯ ಮೇಲಿನ ಹೆಸರು ಗೊತ್ತಾಗುವುದಿಲ್ಲ, ಒಳಗಿನ ಮದ್ಯಸಾರ ಮಾತ್ರ ಗೊತ್ತಾಗುತ್ತದೆ. ಸಿರೋಸಿಸ್ ಆದವರಿಗೆ ಇಷ್ಟು ಕುಡಿದರೆ ಪರವಾಗಿಲ್ಲ ಎಂಬ ಅಳತೆಯೇ ಇಲ್ಲ. ಹೊಟ್ಟೆಯಲ್ಲಿ ನೀರು ತುಂಬಿ ಬಂದವರೂ ಪೂರ್ತಿ ಕುಡಿತ ಬಿಟ್ಟು ಚಿಕಿತ್ಸೆ ಪಡೆದರೆ, ಕೆಲವು ತಿಂಗಳಲ್ಲಿ ನೀರು ಇಳಿದು, ಕಾಮಾಲೆ ಹೋಗಿ, ಹೊಲಕ್ಕೆ ಹೋಗುವಷ್ಟು ಸುಧಾರಿಸುವುದುಂಟು. ಎಲ್ಲರಿಗೂ ಹಾಗಾಗುತ್ತದೆ ಎಂದು ಭರವಸೆ ಕೊಡಲಾಗದು. ಕುಡಿಯುತ್ತಲೇ ಇದ್ದರೆ ಮಾತ್ರ ಯಾವ ಔಷಧವೂ ಕೈಹಿಡಿಯುವುದಿಲ್ಲ.

ಸಿರೋಸಿಸ್‌ನ ಮೊದಲ ವರ್ಷಗಳಲ್ಲಿ ಹೇಳಿಕೊಳ್ಳುವಂಥ ತೊಂದರೆಯೇ ಇರುವುದಿಲ್ಲ. ಉಳಿದ ಒಳ್ಳೆಯ ಭಾಗವೇ ಎಲ್ಲಾ ಕೆಲಸವನ್ನೂ ತೂಗಿಸಿಕೊಂಡು ಹೋಗುತ್ತದೆ. ಸ್ವಲ್ಪ ಸುಸ್ತು, ಊಟ ಸೇರದಿರುವುದು, ತೋಳು ತೊಡೆ ಸಣ್ಣಗಾಗುವುದು, ಅಂಗೈ ಕೆಂಪಗಾಗುವುದು, ಎದೆ ಹೆಗಲಿನ ಮೇಲೆ ಜೇಡದ ಕಾಲಿನಂಥ ಸಣ್ಣ ಕೆಂಪು ನಾಳಗಳು ಕಾಣುವುದು, ಗಂಡಸರಲ್ಲಿ ಎದೆ ಉಬ್ಬುವುದು ಇವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಸ್ಪತ್ರೆಗೆ ಬರುವುದು ಮುಂದಿನ ನಾಲ್ಕರಲ್ಲಿ ಒಂದು ಕಾಣಿಸಿಕೊಂಡಾಗ: ಕಾಮಾಲೆ, ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಬುದ್ಧಿ ಮಂಕು. ಈ ನಾಲ್ಕರಲ್ಲಿ ಯಾವುದೊಂದು ಬಂದರೂ ಲಿವರಿನ ತಾಳಿಕೆ ಮುಗಿಯುತ್ತಾ ಬಂದಿದೆ ಎಂದು ತಿಳಿಯಬೇಕು.

ಕಾಮಾಲೆ

ನಮ್ಮ ಕಡೆ ಇದನ್ನು ಕಾಮಣಿ ಎನ್ನುತ್ತಾರೆ. ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಲಿವರ್ ಹೊರಹಾಕಲಾಗದೆ ಅದು ರಕ್ತದಲ್ಲಿ ಉಳಿದಾಗ ಕಣ್ಣು, ಆಮೇಲೆ ಚರ್ಮ ಹಳದಿಯಾಗುತ್ತವೆ. ಮೂತ್ರ ಕಡುಹಳದಿ ಅಥವಾ ಚಹಾ ಬಣ್ಣಕ್ಕೆ ತಿರುಗುತ್ತದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಗೊತ್ತಾಗುವುದಿಲ್ಲ. ಬೆಳಿಗ್ಗೆ ಹೊರಗೆ ಕರೆದುಕೊಂಡು ಬಂದು, ರೋಗಿಗೆ ಕೆಳಗೆ ನೋಡಲು ಹೇಳಿ, ಮೇಲಿನ ರೆಪ್ಪೆ ಎತ್ತಿ ಕಣ್ಣಿನ ಬಿಳಿ ಭಾಗ ನೋಡಿ.

ಕಾಮಣಿಗೆ ಎಲೆ ಔಷಧ ಕೊಡುವವರು ಊರೂರಿನಲ್ಲೂ ಇದ್ದಾರೆ. ಅವರ ಔಷಧದಿಂದ ವಾಸಿಯಾದವರನ್ನು ನೀವೇ ಕಂಡಿರುತ್ತೀರಿ. ಅದು ಹೇಗೆ ಎಂದು ತಿಳಿದುಕೊಳ್ಳುವುದು ಮುಖ್ಯ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಔಷಧ ಕೊಟ್ಟರೂ ಇಳಿಯುತ್ತದೆ, ಕೊಡದಿದ್ದರೂ ಇಳಿಯುತ್ತದೆ. ಹೆಸರು ಔಷಧಕ್ಕೆ ಬರುತ್ತದೆ. ಸಿರೋಸಿಸ್‌ನ ಕಾಮಾಲೆ ನೋಡಲು ಇದರಂತೆಯೇ ಇದ್ದರೂ ಬೇರೆಯದೇ ರೋಗ. ಅದು ತಾನಾಗಿ ಇಳಿಯುವುದಿಲ್ಲ. ಎಲೆ ಔಷಧ, ಪಥ್ಯ ಎಂದು ತಿಂಗಳೆರಡು ತಿಂಗಳು ಕಳೆಯುವಷ್ಟರಲ್ಲಿ ಚಿಕಿತ್ಸೆಯ ಅವಕಾಶ ಕೈತಪ್ಪಿರುತ್ತದೆ. ಆದ್ದರಿಂದ ಯಾರ ಔಷಧ ಎನ್ನುವ ವಾದಕ್ಕಿಂತ ಮೊದಲು ರಕ್ತಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ ಇದು ಯಾವ ಕಾಮಾಲೆ ಎಂದು ತಿಳಿದುಕೊಳ್ಳಿ.

ಗಿಡಮೂಲಿಕೆಯಿಂದ ತೊಂದರೆಯೇ ಆಗದು ಎಂಬ ನಂಬಿಕೆಯೂ ಸರಿಯಲ್ಲ. ಕೋವಿಡ್ ಸಮಯದಲ್ಲಿ ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್ ಹಾನಿಯಾದದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ನೀವು ಏನೇ ಕೊಡುತ್ತಿದ್ದರೂ ನಮ್ಮಿಂದ ಮುಚ್ಚಿಡಬೇಡಿ. ನಾವು ಬೈಯುವುದಿಲ್ಲ, ಕೇಸ್ ಪೇಪರಿನಲ್ಲಿ ಬರೆದುಕೊಳ್ಳುತ್ತೇವೆ ಅಷ್ಟೆ. ಕೈಗೆ, ಹೊಟ್ಟೆಗೆ ಬರೆ ಹಾಕಿಸುವುದನ್ನಂತೂ ಮಾಡಲೇಬೇಡಿ. ಈ ರೋಗಿಗಳಲ್ಲಿ ಗಾಯ ಬೇಗ ಮಾಯುವುದಿಲ್ಲ, ಕೀವಾದರೆ ನಂಜು ರಕ್ತಕ್ಕೇರುತ್ತದೆ.

ಹೊಟ್ಟೆಯಲ್ಲಿ ನೀರು, ಕಾಲಿನಲ್ಲಿ ಬಾವು

ಲಿವರಿನ ಹಿಂದಿನ ಒತ್ತಡ ಏರಿ, ಆಲ್ಬುಮಿನ್ ಕಡಿಮೆಯಾಗಿ, ಮೂತ್ರಪಿಂಡಗಳು ಉಪ್ಪನ್ನು ಹಿಡಿದಿಟ್ಟುಕೊಂಡಾಗ ಹೊಟ್ಟೆಯಲ್ಲಿ ನೀರು ಸೇರುತ್ತದೆ. ಹಳಬರು ಇದನ್ನು ಜಲೋದರ ಎನ್ನುತ್ತಿದ್ದರು. ಮೊದಲಿಗೆ ಪ್ಯಾಂಟು, ಲಾಡಿ, ಸೀರೆಯ ನೆರಿಗೆ ಬಿಗಿಯಾಗುತ್ತದೆ. ಮುಖ ತೋಳು ಬಡಕಲಾಗಿ ಹೊಟ್ಟೆ ಮಾತ್ರ ಮುಂದೆ ಬಂದಿದ್ದರೆ ಅದು ಕೊಬ್ಬಲ್ಲ. ಹೊಕ್ಕುಳು ಹೊರಗೆ ಉಬ್ಬುತ್ತದೆ. ಪಾದದ ಮೇಲೆ ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೆಯೇ ಉಳಿಯುತ್ತದೆ.

ಮನೆಯಲ್ಲಿ ಅಳೆಯಲು ಸುಲಭವಾದ ದಾರಿಯಿದೆ. ದಿನಾಲು ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ, ಅದೇ ತಕ್ಕಡಿಯಲ್ಲಿ ತೂಕ ನೋಡಿ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆಯಿರಿ. ತಕ್ಕಡಿ ಇಲ್ಲದವರು ಟೇಪಿನಿಂದ ಅಥವಾ ಒಂದು ದಾರದಿಂದ ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ ಹಿಡಿಯಬಹುದು. ಎರಡು ಮೂರು ದಿನದಲ್ಲಿ ಒಂದೆರಡು ಕಿಲೋ ಏರಿದರೆ ಅದು ಮೈ ಕೂಡಿದ್ದಲ್ಲ, ನೀರು. ನೀರಿಳಿಯುವ ಮಾತ್ರೆ ನುಂಗುವವರಲ್ಲಿ ತೂಕ ತೀರಾ ಬೇಗ ಇಳಿಯುವುದೂ ಒಳ್ಳೆಯದಲ್ಲ. ಕಾಲಿನ ಬಾವು ಇಲ್ಲದವರಲ್ಲಿ ದಿನಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಇಳಿಯುತ್ತಾ ಹೋದರೆ ವೈದ್ಯರಿಗೆ ತಿಳಿಸಿ. ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ.

ಔಷಧಕ್ಕಿಂತ ಕಷ್ಟದ ವಿಷಯ ಉಪ್ಪು. ಇಡೀ ದಿನಕ್ಕೆ, ಎಲ್ಲಾ ಅಡಿಗೆ ಸೇರಿ, ಒಂದು ಚಹಾ ಚಮಚದಷ್ಟು, ಅಂದರೆ ಸುಮಾರು 5 ಗ್ರಾಂ ಉಪ್ಪು ಮಾತ್ರ. ಪಲ್ಯಕ್ಕೆ ಉಪ್ಪು ಕಡಿಮೆ ಹಾಕಿ, ಪಕ್ಕದಲ್ಲಿ ಉಪ್ಪಿನಕಾಯಿ, ರಂಜಕ, ಹಪ್ಪಳ, ಸಂಡಿಗೆ, ಶೇಂಗಾ ಚಟ್ನಿಪುಡಿ ಇಟ್ಟರೆ ಲೆಕ್ಕ ಎಲ್ಲಿಗೆ ಬಂತು? ದಾಸೋಹದಿಂದ ತಂದ ಸಾರನ್ನು ಪ್ರೀತಿಯಿಂದ ರೋಗಿಗೂ ಬಡಿಸುವವರಿದ್ದಾರೆ. ಅದು ಎಲ್ಲರಿಗಾಗಿ ಮಾಡಿದ ಅಡಿಗೆ, ನಿಮಗೆ ಇರಲಿ. ರೋಗಿಗೆ ವಾರ್ಡಿನ ಪಥ್ಯದ ತಟ್ಟೆಯೇ ಸರಿ. ರುಚಿಗೆ ನಿಂಬೆರಸ, ಜೀರಿಗೆ, ಕೊತ್ತಂಬರಿ, ಬೆಳ್ಳುಳ್ಳಿ ಹಾಕಿ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂನ ಉಪ್ಪನ್ನು ವೈದ್ಯರನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ನುಂಗುವವರಿಗೆ ಅಪಾಯ. ಕುಡಿಯುವ ನೀರನ್ನೂ ವೈದ್ಯರು ಹೇಳದೆ ಕಡಿಮೆ ಮಾಡಬೇಡಿ.

"ಸೂಜಿ ಹಾಕಿ ನೀರು ತೆಗೆದರೆ ಮನುಷ್ಯ ಉಳಿಯೋದಿಲ್ಲ" ಎಂಬ ಭಯ ಬಹಳ ಇದೆ. ನೀರು ತೆಗೆಯಬೇಕಾದ ಹಂತಕ್ಕೆ ಬಂದವರ ಕಾಯಿಲೆಯೇ ಮುಂದುವರಿದಿರುತ್ತದೆ. ಅಂಥವರಲ್ಲಿ ಕೆಲವರು ನಂತರ ತೀರಿಕೊಂಡಾಗ ಅಪವಾದ ಸೂಜಿಯ ಮೇಲೆ ಬರುತ್ತದೆ. ವಾಸ್ತವದಲ್ಲಿ ನೀರು ತೆಗೆಯುವುದರಿಂದ ಉಸಿರಾಟ ಹಗುರವಾಗುತ್ತದೆ, ಊಟ ಸೇರುತ್ತದೆ. ಒಮ್ಮೆಗೆ 5 ಲೀಟರಿಗಿಂತ ಹೆಚ್ಚು ತೆಗೆದಾಗ ರಕ್ತದೊತ್ತಡ ಇಳಿಯದಂತೆ ಆಲ್ಬುಮಿನ್ ಬಾಟಲಿ ಹಾಕುತ್ತಾರೆ. ಆ ನೀರನ್ನು ಪರೀಕ್ಷೆಗೆ ಕಳುಹಿಸುವುದು ಇನ್ನೂ ಮುಖ್ಯ. ಹೊಟ್ಟೆಯ ನೀರಿಗೆ ನಂಜು ತಗುಲಿದರೆ ಜ್ವರ, ಹೊಟ್ಟೆನೋವು ಬರಬಹುದು. ಕೆಲವರಲ್ಲಿ ಇವೆರಡೂ ಇಲ್ಲದೆ ಬರೀ ಮಂಕು ಅಥವಾ ಮೂತ್ರ ಕಡಿಮೆಯಾಗುವುದೊಂದೇ ಸುಳಿವಾಗಿರುತ್ತದೆ. ಹೊಟ್ಟೆಯಲ್ಲಿ ನೀರಿರುವವರಿಗೆ ಜ್ವರ ಬಂದರೆ ಮೆಡಿಕಲ್ ಅಂಗಡಿಯ ಮಾತ್ರೆ ತಂದು ಮನೆಯಲ್ಲಿಟ್ಟುಕೊಳ್ಳಬೇಡಿ, ಅದೇ ದಿನ ಆಸ್ಪತ್ರೆಗೆ ಕರೆತನ್ನಿ.

ರಕ್ತವಾಂತಿ, ಕಪ್ಪು ಮಲ

ಕಾಲುವೆಯ ಒಡ್ಡು ಒಡೆಯುವ ಮಾತು ಹೇಳಿದೆನಲ್ಲ, ಅದು ಇಲ್ಲಿ ಅಕ್ಷರಶಃ ನಡೆಯುತ್ತದೆ. ಹಿಂದಕ್ಕೆ ಒತ್ತಿದ ರಕ್ತ ಅನ್ನನಾಳದ ಕೆಳಭಾಗದ ಸಣ್ಣ ನಾಳಗಳಿಗೆ ನುಗ್ಗಿ ಅವನ್ನು ಬಳ್ಳಿಯಂತೆ ಉಬ್ಬಿಸುತ್ತದೆ. ಒಂದು ದಿನ ಯಾವ ಮುನ್ಸೂಚನೆಯೂ ಇಲ್ಲದೆ ಅದು ಒಡೆಯಬಹುದು. ಬೋಗುಣಿ ತುಂಬ ರಕ್ತ ಕಾರಿದಾಗ ತುರ್ತು ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಗೊತ್ತಾಗದೆ ಹೋಗುವುದು ಕಪ್ಪು ಮಲ. ಒಳಗೆ ಸೋರಿದ ರಕ್ತ ಕರುಳಿನಲ್ಲಿ ಸಾಗಿ ಬರುವಷ್ಟರಲ್ಲಿ ಕಪ್ಪಾಗಿ, ಡಾಂಬರಿನಂತೆ ಅಂಟುಅಂಟಾಗಿ, ವಿಪರೀತ ದುರ್ವಾಸನೆಯಿಂದ ಕೂಡಿರುತ್ತದೆ. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅದು ಹೀಗೆ ಅಂಟಾಗಿ, ನಾರುವಂತಿರುವುದಿಲ್ಲ. ಸಂಶಯವಿದ್ದರೆ ರಕ್ತ ಎಂದೇ ತಿಳಿದು ಬನ್ನಿ. ಮಲ ನೋಡಲು ನಾಚಿಕೆ ಬೇಡ. ರೋಗಿ ಬಯಲಿಗೆ ಹೋಗುವವರಾದರೆ ಅಥವಾ ಕತ್ತಲಲ್ಲಿ ಹೋಗಿ ಬರುವವರಾದರೆ ಬಣ್ಣ ನೋಡಿಕೊಂಡು ಬರಲು ಹೇಳಿ.

ನಾಳಗಳು ಉಬ್ಬಿವೆಯೇ ಎಂದು ಎಂಡೋಸ್ಕೋಪಿಯಲ್ಲಿ ಮೊದಲೇ ಗೊತ್ತಾಗುತ್ತದೆ. ಉಬ್ಬಿದ್ದರೆ ರಬ್ಬರ್ ಉಂಗುರ ಹಾಕಿ ಬಿಗಿಯುತ್ತಾರೆ, ಒತ್ತಡ ಇಳಿಸಲು ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆ ಕೊಡುತ್ತಾರೆ. ಈ ಮಾತ್ರೆ ನುಂಗಿದರೆ ರೋಗಿಗೆ ಆರಾಮ ಅನ್ನಿಸುವುದೇನೂ ಇಲ್ಲ, ಹಾಗಾಗಿ ಮುಗಿದ ಮೇಲೆ ತರಿಸದೆ ಬಿಟ್ಟುಬಿಡುತ್ತಾರೆ. ತಾವಾಗಿ ನಿಲ್ಲಿಸಬೇಡಿ. ಹಲ್ಲುಜ್ಜುವಾಗ ವಸಡಿನಿಂದ ರಕ್ತ, ಸಣ್ಣ ಪೆಟ್ಟಿಗೂ ಚರ್ಮ ನೀಲಿಗಟ್ಟುವುದು, ಮೂಗಿನಿಂದ ರಕ್ತ ಇವೆಲ್ಲ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿದ್ದರ ಸೂಚನೆ. ಮುಂದಿನ ಭೇಟಿಯಲ್ಲಿ ಹೇಳಿ.

ಬುದ್ಧಿ ಮಂಕಾಗುವುದು

ನಾಲ್ಕು ಲಕ್ಷಣಗಳಲ್ಲಿ ಅತಿ ಹೆಚ್ಚು ತಪ್ಪಾಗಿ ತಿಳಿಯಲ್ಪಡುವುದು ಇದೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕರುಳಿನಲ್ಲಿ ಹುಟ್ಟುವ ಅಮೋನಿಯಾ ಮೊದಲಾದ ವಿಷಗಳನ್ನು ಆರೋಗ್ಯವಂತ ಲಿವರ್ ತೆಗೆದುಹಾಕುತ್ತದೆ. ಸೋತ ಲಿವರಿನಿಂದ ಅದು ಆಗುವುದಿಲ್ಲ. ವಿಷ ರಕ್ತದೊಡನೆ ಮೆದುಳಿಗೆ ಹೋಗುತ್ತದೆ. ಮೊಟ್ಟಮೊದಲು ಕೆಡುವುದು ನಿದ್ರೆ. ಹಗಲೆಲ್ಲಾ ತೂಕಡಿಕೆ, ರಾತ್ರಿಯೆಲ್ಲಾ ಎಚ್ಚರ. ಬಂಧುಗಳು ಇದನ್ನು ದೂರಿನ ರೂಪದಲ್ಲಿ ಹೇಳುತ್ತಾರೆ, "ಸಿಸ್ಟರ್, ಹಗಲೆಲ್ಲಾ ಗೊರಕಿ ಹೊಡೀತಾರ, ರಾತ್ರಿ ಎದ್ದು ಕೂತು ನಮಗೂ ನಿದ್ದಿ ಕೊಡೂದಿಲ್ರಿ" ಎಂದು. ಅದು ದೂರಲ್ಲ, ರೋಗದ ಸುದ್ದಿ. ಸಂಕೋಚವಿಲ್ಲದೆ ಹೇಳಿ. ಆಮೇಲೆ ಸ್ವಭಾವ ಬದಲಾಗುತ್ತದೆ. ಶಾಂತವಾಗಿದ್ದವರು ಸಿಡುಕುತ್ತಾರೆ, ಮಾತುಗಾರರು ಸುಮ್ಮನಾಗುತ್ತಾರೆ. ಅಂಗಡಿಯ ಲೆಕ್ಕ ತಪ್ಪುತ್ತದೆ, ಸಹಿ ಸೊಟ್ಟಗಾಗುತ್ತದೆ, ಅಂಗಿಯ ಗುಂಡಿ ಹಾಕಲು ತಡವರಿಸುತ್ತಾರೆ. ಇನ್ನೂ ಮುಂದುವರಿದರೆ ಇವತ್ತು ಯಾವ ವಾರ ಎಂದು ತಿಳಿಯುವುದಿಲ್ಲ, ಮೊಮ್ಮಕ್ಕಳ ಹೆಸರು ಅದಲುಬದಲಾಗುತ್ತದೆ, ಕೂತಲ್ಲೇ ಮೂತ್ರ ಮಾಡುತ್ತಾರೆ. ಕೊನೆಗೆ ಎಬ್ಬಿಸಿದರೂ ಏಳದ ಸ್ಥಿತಿ.

ಮನೆಯಲ್ಲೇ ಪರೀಕ್ಷಿಸುವುದು ಸುಲಭ. ಎರಡೂ ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಬಸ್ಸು ನಿಲ್ಲಿಸುವವರಂತೆ ಅಂಗೈ ಮೇಲಕ್ಕೆ ಬಾಗಿಸಿ ಹಿಡಿಯಲು ಹೇಳಿ. ಅರ್ಧ ನಿಮಿಷದಲ್ಲಿ ಕೈಗಳು ಹಕ್ಕಿ ರೆಕ್ಕೆ ಬಡಿದಂತೆ ಪಟಪಟ ಬಿದ್ದು ಏಳತೊಡಗಿದರೆ ವಿಷ ಏರಿದೆ ಎಂದು ಅರ್ಥ. ದಿನಾಲು ಒಂದು ಹಾಳೆಯ ಮೇಲೆ ಅವರ ಹೆಸರು ಬರೆಸುವುದೂ ಒಳ್ಳೆಯದು. ಓದುಬರಹ ಬಾರದವರಿಗೆ ನೂರರಿಂದ ಹಿಂದಕ್ಕೆ ಎಣಿಸಲು ಹೇಳಿ, ಇಲ್ಲವೇ ಬಂಧುಗಳ ಊರುಗಳ ಹೆಸರು ಕೇಳಿ. ನಿನ್ನೆ ಹೇಳಿದವರು ಇಂದು ತಡವರಿಸಿದರೆ ಅದೇ ಉತ್ತರ.

ಇದನ್ನು ಮನೆಯವರು ಏನೇನೆಂದು ತಿಳಿಯುತ್ತಾರೆ? ಕದ್ದು ಕುಡಿದಿದ್ದಾರೆ ಎನ್ನುತ್ತಾರೆ. ವಯಸ್ಸಾಯಿತು, ಅರಳು ಮರಳು ಎನ್ನುತ್ತಾರೆ. ಗಾಳಿ ಸೋಂಕಿದೆ, ಯಾರೋ ಮಾಡಿಸಿದ್ದಾರೆ ಎಂದು ಕರೆದುಕೊಂಡು ಹೋಗುವವರೂ ಇದ್ದಾರೆ. ಅಂತ್ರ ಕಟ್ಟಿಸುವುದು ನಿಮ್ಮ ನಂಬಿಕೆ, ಅದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಮೊದಲು ಆಸ್ಪತ್ರೆಗೆ ಬನ್ನಿ, ಏಕೆಂದರೆ ಈ ಮಂಕು ಬಹಳ ಸಲ ಚಿಕಿತ್ಸೆಯಿಂದ ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ತಡಮಾಡಿದರೆ ಪ್ರಜ್ಞೆ ತಪ್ಪುತ್ತದೆ.

ಮಂಕಿಗೆ ಸಾಮಾನ್ಯವಾಗಿ ಒಂದು ತಕ್ಷಣದ ಕಾರಣವಿರುತ್ತದೆ. ಮಲಬದ್ಧತೆ, ನಂಜು, ಒಳಗೆ ರಕ್ತಸ್ರಾವ, ವಾಂತಿಭೇದಿಯಿಂದ ನೀರು ಕಡಿಮೆಯಾಗುವುದು, ನೀರಿಳಿಯುವ ಮಾತ್ರೆ ಹೆಚ್ಚಾಗುವುದು, ನಿದ್ದೆ ಮಾತ್ರೆ. ಇದರಲ್ಲಿ ಕೊನೆಯದು ಮನೆಯವರ ಕೈಯಲ್ಲೇ ಇದೆ. ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಆಲ್‌ಪ್ರಜೋಲಾಮ್‌ನಂಥ ಮಾತ್ರೆ ತಂದು ಕೊಟ್ಟರೆ, ಆ ರೋಗಿ ಮರುದಿನ ಏಳದೆ ಹೋಗಬಹುದು. ಎಂದಿಗೂ ಕೊಡಬೇಡಿ.

ಲ್ಯಾಕ್ಟುಲೋಸ್ ಸಿರಪ್ ಬಗ್ಗೆ ದೂರು ಬಹಳ. ಅತಿ ಸಿಹಿ, ಹೊಟ್ಟೆ ಉಬ್ಬರ, ಪದೇ ಪದೇ ಸಂಡಾಸಿಗೆ ಹೋಗಬೇಕು. ಭೇದಿ ಆಗುತ್ತಿದೆ ಎಂದು ನಿಲ್ಲಿಸಿಬಿಡುತ್ತಾರೆ. ಇದು ಬರೀ ಮಲಬದ್ಧತೆಯ ಔಷಧವಲ್ಲ, ಕರುಳಿನಿಂದ ವಿಷ ಹೊರಹಾಕುವ ಔಷಧ. ದಿನಕ್ಕೆ ಎರಡರಿಂದ ಮೂರು ಸಲ ಮೆತ್ತಗೆ ಮಲವಾಗಬೇಕು, ಅದೇ ಸರಿಯಾದ ಪ್ರಮಾಣ. ಒಂದೇ ಸಲವಾದರೆ ಸಾಲದು. ಐದಾರು ಸಲ ನೀರಾಗಿ ಹೋದರೆ ಹೆಚ್ಚಾಯಿತು, ಕಡಿಮೆ ಮಾಡುವ ಬಗ್ಗೆ ಕೇಳಿ. ಇಂಥ ರೋಗಿಯನ್ನು ಬೈಕು, ಟ್ರ್ಯಾಕ್ಟರ್ ಓಡಿಸಲು, ಬಾವಿಯ ಕಡೆ ಒಬ್ಬರೇ ಹೋಗಲು, ಒಲೆಯ ಮುಂದೆ ಕೂರಲು ಬಿಡಬೇಡಿ.

ದಿನಾಲು ಕುಡಿಯುತ್ತಿದ್ದವರು ಆಸ್ಪತ್ರೆ ಸೇರಿ ಮದ್ಯ ನಿಂತ ಎರಡು ಮೂರು ದಿನಗಳಲ್ಲಿ ನಡುಗುವುದು, ಬೆವರುವುದು, ಇಲ್ಲದವರನ್ನು ಕಂಡಂತೆ ಮಾತಾಡುವುದು ಬೇರೆ ಬಗೆಯ ತೊಂದರೆ. ಅದರ ಚಿಕಿತ್ಸೆಯೂ ಬೇರೆ. ಕೊನೆಯ ಸಲ ಯಾವಾಗ, ಎಷ್ಟು ಕುಡಿದರು ಎಂಬುದನ್ನು ನಿಜ ಹೇಳಿ. ಕುಡಿತ ಬಿಡಲು ಸಲಹೆ ಬೇಕಾದವರು ಟೆಲಿ ಮಾನಸ್ ಉಚಿತ ದೂರವಾಣಿ 14416ಕ್ಕೆ ಕರೆ ಮಾಡಬಹುದು.

ಊಟ ಮತ್ತು ಮಾತ್ರೆ

ಲಿವರ್ ಕಾಯಿಲೆ ಎಂದರೆ ಬರೀ ಗಂಜಿ, ಕಬ್ಬಿನ ಹಾಲು, ಎಳನೀರು ಎಂಬ ಪಥ್ಯದಿಂದ ರೋಗಿ ಇನ್ನಷ್ಟು ಸೊರಗುತ್ತಾರೆ. ಬೇಳೆ, ಕಾಳು ಕೊಡಬಾರದು ಎಂದು ಹಿಂದೆ ವೈದ್ಯರೂ ಹೇಳುತ್ತಿದ್ದರು. ಈಗ ಹಾಗೆ ಹೇಳುವುದಿಲ್ಲ. ಸ್ನಾಯು ಕರಗದಿರಲು ಪ್ರೋಟೀನ್ ಬೇಕೇಬೇಕು. ಸಸ್ಯಾಹಾರಿಗಳಿಗೆ ಹಾಲು, ಮೊಸರು, ತೊಗರಿಬೇಳೆ, ಹೆಸರುಕಾಳು ಮೊಳಕೆ ಬೇಯಿಸಿದ್ದು, ಸೋಯಾ ಒಳ್ಳೆಯವು. ಸ್ವಲ್ಪ ಸ್ವಲ್ಪ, ಐದಾರು ಬಾರಿ ಕೊಡಿ. ಸೋತ ಲಿವರಿನಲ್ಲಿ ಸಕ್ಕರೆಯ ದಾಸ್ತಾನು ಇರುವುದಿಲ್ಲ. ರಾತ್ರಿ ಊಟದಿಂದ ಬೆಳಗಿನವರೆಗೆ ಖಾಲಿ ಬಿಟ್ಟರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಮಲಗುವ ಮುಂಚೆ ಒಂದು ಲೋಟ ಹಾಲು, ಜೊತೆಗೆ ಅರ್ಧ ರೊಟ್ಟಿ ಅಥವಾ ಒಂದು ಬಟ್ಟಲು ರವೆ ಗಂಜಿ ಕೊಡಿ. ಇದೇ ಕಾರಣಕ್ಕೆ ಶ್ರಾವಣ ಸೋಮವಾರ, ಶಿವರಾತ್ರಿಯ ಉಪವಾಸ ಈ ರೋಗಿಗಳಿಗೆ ಬೇಡ. ಮನೆಯ ಬೇರೊಬ್ಬರು ಅವರ ಪರವಾಗಿ ಮಾಡಲಿ.

ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆ, ಇಂಜೆಕ್ಷನ್ ಬೇಡವೇ ಬೇಡ. ಮೂತ್ರಪಿಂಡ ಕೆಡುತ್ತದೆ, ರಕ್ತಸ್ರಾವವಾಗುತ್ತದೆ. ಪ್ಯಾರಾಸಿಟಮಾಲ್ ಕೂಡ ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ, ದಿನಕ್ಕೆ 2 ಗ್ರಾಂ ದಾಟಬಾರದು.

ಮನೆಯ ಉಳಿದವರು

ರೋಗಿಗೆ ಹೆಪಟೈಟಿಸ್ ಬಿ ಇದ್ದರೆ ಗಂಡ ಅಥವಾ ಹೆಂಡತಿ, ಮಕ್ಕಳು, ತಾಯಿ, ಒಡಹುಟ್ಟಿದವರು ಒಮ್ಮೆ ರಕ್ತಪರೀಕ್ಷೆ ಮಾಡಿಸಬೇಕು. ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು. ಒಂದೇ ತಟ್ಟೆಯಲ್ಲಿ ಉಂಡರೆ, ಮುಟ್ಟಿದರೆ ಇದು ಹರಡುವುದಿಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಟ್ಟು ಅವಮಾನ ಮಾಡಬೇಡಿ. ಬ್ಲೇಡು, ಹಲ್ಲುಜ್ಜುವ ಬ್ರಷ್ ಮಾತ್ರ ಬೇರೆ ಇರಲಿ. ಹೆಪಟೈಟಿಸ್ ಸಿ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಿಂದ ವಾಸಿಯಾಗುತ್ತದೆ. ಸಿರೋಸಿಸ್ ಆದವರಿಗೆ ಕೆಲವೊಮ್ಮೆ ಹೆಚ್ಚು ವಾರ ಬೇಕಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಎರಡಕ್ಕೂ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಔಷಧ ಉಚಿತ.

ಸಿರೋಸಿಸ್ ಆದವರಲ್ಲಿ ಲಿವರಿನ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಆರಾಮಿದ್ದರೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಬೇಡಿ. ಲಿವರ್ ಕಸಿಯ ವಿಷಯವನ್ನು ವೈದ್ಯರು ಎತ್ತಿದರೆ, ಇನ್ನೇನೂ ಉಳಿದಿಲ್ಲ ಎಂದು ತಿಳಿದು ಅಳುತ್ತಾ ಕೂರಬೇಡಿ. ಕಸಿಗೆ ಹೆಸರು ಕೊಡುವುದು ರೋಗಿ ಇನ್ನೂ ಶಸ್ತ್ರಚಿಕಿತ್ಸೆ ತಾಳಿಕೊಳ್ಳುವಷ್ಟು ಶಕ್ತಿ ಇರುವಾಗಲೇ ಆಗಬೇಕು. ನಮ್ಮ ರಾಜ್ಯದಲ್ಲಿ ಮರಣಾನಂತರದ ಅಂಗಾಂಗ ದಾನದ ಸರದಿಯನ್ನು ಜೀವಸಾರ್ಥಕತೆ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಹತ್ತಿರದ ಬಂಧುಗಳು ತಮ್ಮ ಲಿವರಿನ ಒಂದು ಭಾಗ ಕೊಡಲೂ 1994ರ ಕಾನೂನಿನಲ್ಲಿ ಅವಕಾಶವಿದೆ. ಖರ್ಚು ದೊಡ್ಡದು, ಸರ್ಕಾರಿ ಯೋಜನೆಯ ನೆರವಿನ ಬಗ್ಗೆ ಬಿ.ಪಿ.ಎಲ್. ಕಾರ್ಡು ತಂದು ಯೋಜನೆಯ ಕೌಂಟರಿನಲ್ಲಿ ವಿಚಾರಿಸಿ.

ತಕ್ಷಣ ಬರಬೇಕಾದಾಗ

ರಕ್ತವಾಂತಿ, ಡಾಂಬರಿನಂಥ ಮಲ, ಮಾತು ಅಸ್ಪಷ್ಟವಾಗುವುದು ಅಥವಾ ಎಬ್ಬಿಸಿದರೆ ಏಳದಿರುವುದು, ಹೊಟ್ಟೆಯಲ್ಲಿ ನೀರಿದ್ದು ಜ್ವರ ಅಥವಾ ನೋವು, ಇಡೀ ದಿನ ಮೂತ್ರವೇ ಆಗದಿರುವುದು: ಇವುಗಳಿಗೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ವಾಂತಿಯಾಗುತ್ತಿರುವವರನ್ನು ಅಥವಾ ಮಂಪರಿನಲ್ಲಿರುವವರನ್ನು ಅಂಗಾತ ಮಲಗಿಸದೆ ಎಡಮಗ್ಗುಲಿಗೆ ಹೊರಳಿಸಿ, ಬಾಯಿಗೆ ನೀರು, ಚಹಾ ಏನನ್ನೂ ಹಾಕಬೇಡಿ. ಹಳೆಯ ಕೇಸ್ ಪೇಪರ್, ಎಂಡೋಸ್ಕೋಪಿ ವರದಿ, ನುಂಗುತ್ತಿರುವ ಮಾತ್ರೆಗಳ ಹಾಳೆಗಳು, ತೂಕ ಬರೆದ ಕ್ಯಾಲೆಂಡರ್ ಒಂದು ಚೀಲದಲ್ಲಿ ಮೊದಲೇ ಕಟ್ಟಿಟ್ಟಿರಿ. ತುರ್ತು ವಿಭಾಗದಲ್ಲಿ ಯಾರೇ ಎದುರಾದರೂ "ಇವರಿಗೆ ಸಿರೋಸಿಸ್ ಇದೆ" ಎಂದು ಮೊದಲ ಮಾತಿನಲ್ಲೇ ಹೇಳಿ. ಆಮೇಲೆ ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಯಾವಾಗ, ಮಲ ಯಾವ ಬಣ್ಣವಿತ್ತು, ಮೂತ್ರ ಯಾವಾಗ ಆಯಿತು ಎಂಬುದನ್ನು ತಿಳಿಸಿ.